ರೊಡೇಲನ ತಾಯಿ ತೀರಿಹೋದ ಸುದ್ದಿಯ ಬಗ್ಗೆ

ನನ್ನ ಹೆಸರು ಮೆರ್ಲಿ ಪಾಲ್ಮಾರೆಸ್, ವಯಸ್ಸು ನಲವತ್ತೆಂಟು, ವಿಧವೆ, ಇಲೊಯಿಲೊ ನಗರದ ಹಾರೊ ಮಾರುಕಟ್ಟೆಯಲ್ಲಿ ಒಣಮೀನಿನ ವ್ಯಾಪಾರ, ವಾಸ ಅದೇ ಮಾರುಕಟ್ಟೆಯ ಹಿಂದಿನ ಓಣಿ. ಈ ಮೂಲಕ ಪೊಲೀಸರಿಗೆ ತಿಳಿಸುವುದೇನೆಂದರೆ,

ಕಳೆದ ಮಾರ್ಚ್ ತಿಂಗಳಲ್ಲಿ ಫೇಸ್‌ಬುಕ್ಕಿನಲ್ಲಿ ರೊಡೇಲ್ ವಿಲ್ಯಾನ್ ಎಂಬಾತನ ಪರಿಚಯವಾಯಿತು. ತಾನು ಹಡಗಿನ ಮೆಕ್ಯಾನಿಕ್, ಊರು ರೋಹಾಸ್, ಹೆಂಡತಿ ಇಲ್ಲ ಎಂದು ತಿಳಿಸಿದನು. ಮೂರು ತಿಂಗಳು ದಿನವೂ ಮಾತಾಡಿದೆವು. ಒಂದು ಬಿಡಿಗಾಸೂ ಕೇಳಲಿಲ್ಲ, ಅದಕ್ಕೇ ನಂಬಿದೆ. ಊಟ ಆಯಿತೇ ಎಂದು ನನ್ನನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ. ಇದನ್ನೂ ಬರೆದುಕೊಳ್ಳಿ ಸಾರ್.

ಜೂನ್ ೯ರಂದು ಬೆಳಿಗ್ಗೆ, ರಜೆಯಲ್ಲಿ ಊರಿಗೆ ಬಂದಿದ್ದೇನೆ, ತಾಯಿ ತೀರಿಕೊಂಡರು ಎಂದು ಫೋನಿನಲ್ಲಿ ಅತ್ತನು. ಸಾವಿನ ಮನೆಗೆ ಕೈಲಾದಷ್ಟು ಕೊಡುವುದು ನಮ್ಮಲ್ಲಿ ವಾಡಿಕೆ. ಯಾಕೆ, ಎಷ್ಟು ಎಂದು ಯಾರೂ ಕೇಳುವುದಿಲ್ಲ. ನಾನೇ ಅಂಗಡಿ ಅಂಗಡಿಗೆ ಹೋಗಿ ಆರು ಸಾವಿರ ಪೆಸೊ ಎತ್ತಿ ಕಳಿಸಿದೆ. ಮುಖವನ್ನೇ ನೋಡದವನ ತಾಯಿಗೆ ಅವರೆಲ್ಲ ಕೊಟ್ಟದ್ದು ನನ್ನ ಮುಖ ನೋಡಿ. ಅಂದೇ ಸಂಜೆಯಿಂದ ಮೀನಿನ ಕಟ್ಟೆಯ ಮೇಲೆ ಮೇಣದಬತ್ತಿ ಹಚ್ಚಿ, ಸತ್ತವರಿಗಾಗಿ ಹೇಳುವ ಒಂಬತ್ತು ಸಂಜೆಯ ಪ್ರಾರ್ಥನೆ ಶುರು ಮಾಡಿದೆವು.

ಜೂನ್ ೧೨ರಂದು ಅವನು, ಸ್ಮಶಾನದ ಜಾಗಕ್ಕೆ ಇಪ್ಪತ್ತೈದು ಸಾವಿರ ಬೇಕು, ಬೆಳಿಗ್ಗೆಯಿಂದ ಮನೆಯೆಲ್ಲ ಗುಡಿಸಿ ಸೊಂಟ ಬಿದ್ದುಹೋಗಿದೆ, ಅಮ್ಮನ ಶವಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದೇನೆ ಎಂದು ಬರೆದನು. ಎಂಥ ಮಗ ನೋಡಿ ಎಂದು ನಾನು ಎಲ್ಲರಿಗೂ ಓದಿ ಹೇಳಿದೆ.

ಸಿಗಡಿ ಮಾರುವ ಲೂದಿಂಗಕ್ಕ, ಏನೇ ಮೆರ್ಲಿ, ಇನ್ನೊಂದ್ಸಲ ಓದು, ಗುಡಿಸಿದ್ನಾ, ಹೆಣ ಒಳಗಿಟ್ಕೊಂಡು ಕಸ ಗುಡಿಸಿದ್ನಾ ಎಂದು ಕೇಳಿದಳು. ಮಣ್ಣು ಮಾಡುವ ತನಕ ಹೆಣ ಮನೆಯಲ್ಲಿರುವ ಅಷ್ಟೂ ದಿನ ನಮ್ಮಲ್ಲಿ ಯಾರೂ ಪೊರಕೆ ಮುಟ್ಟುವುದಿಲ್ಲ. ಮುಟ್ಟಿದರೆ ಆ ಮನೆಯಲ್ಲಿ ಇನ್ನೊಂದು ಸಾವು. ಸಣ್ಣ ಮಕ್ಕಳಿಗೂ ಇದು ಗೊತ್ತು. ನಾನೇ ಓದಿದ್ದೆ, ನನ್ನ ಕಿವಿಗೇ ಬಿದ್ದಿರಲಿಲ್ಲ. ಅಕ್ಕಿ ಅಂಗಡಿಯ ಪಾಸಿತಾ, ನಿನ್ ಗಂಡು ಪೊರಕೆ ಹಿಡಿಯೋನಲ್ಲ ಕಣೇ, ಟೋಪಿ ಹಾಕೋನು ಎಂದಳು. ನಿಮಗೆಲ್ಲ ಹೊಟ್ಟೆಕಿಚ್ಚು ಎಂದು ನಾನು ಕೂಗಾಡಿದೆ.

ಸಿಟ್ಟಿನಲ್ಲೇ ಮದುವೆಯ ಉಂಗುರ ಗಿರವಿ ಇಟ್ಟು, ಹಣ ಕಳಿಸುವ ಅಂಗಡಿಯ ಸಾಲಿನಲ್ಲಿ ನಿಂತೆ. ನಿಂತಲ್ಲಿ ನಿಲ್ಲಲಾಗಲಿಲ್ಲ. ಅವನಿಗೆ ಫೋನ್ ಮಾಡಿ, ರೊಡೇಲ್, ನೀವು ಗುಡಿಸಲಿಲ್ಲ ತಾನೆ, ಬಾಯಿತಪ್ಪಿ ಬರೆದಿರಿ ತಾನೆ ಎಂದು ಕೇಳಿದೆ. ಹೌದು ಎಂದಿದ್ದರೆ ಸಾಕಿತ್ತು, ದೇವರಾಣೆ ಕಳಿಸಿಬಿಡುತ್ತಿದ್ದೆ. ಜನ ಬರ್ತಾರೆ, ಗಲೀಜಾಗತ್ತೆ, ಗುಡಿಸ್ದೆ ಇನ್ನೇನ್ಮಾಡ್ಲಿ ಎಂದನು. ಹಾಗಾದರೆ ನಾಳೆ ಬಸ್ಸು ಹತ್ತಿ ನಾನೇ ಮಣ್ಣಿಗೆ ಬರುತ್ತೇನೆ ಎಂದೆ. ದುಡ್ಡು ಕಳಿಸ್ತೀಯೋ ಇಲ್ವೋ ಅಷ್ಟು ಹೇಳು ಎಂದನು. ಆ ದನಿಯನ್ನು ನಾನು ಮೂರು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಸಾಲಿನಿಂದ ಹೊರಗೆ ಬಂದೆ.

ಗಿರವಿಯ ದುಡ್ಡಿನಲ್ಲಿ ಮಾರುಕಟ್ಟೆಯವರ ಹಣ ತಿರುಗಿ ಕೊಡಲು ಹೋದರೆ ಯಾರೂ ಮುಟ್ಟಲಿಲ್ಲ. ಸತ್ತವರ ಹೆಸರಲ್ಲಿ ಕೊಟ್ಟಿದ್ದನ್ನ ವಾಪಸ್ ತಗೊಳ್ತಾರೇನೇ ಎಂದು ಲೂದಿಂಗಕ್ಕ ಬೈದಳು. ಶುರು ಮಾಡಿದ ಪ್ರಾರ್ಥನೆಯನ್ನೂ ಅರ್ಧಕ್ಕೆ ಬಿಡಬಾರದಂತೆ.

ಅವನು ಸಿಕ್ಕರೆ ಹಣದ ಮಾತು ಆಮೇಲಿರಲಿ, ಅವನ ತಾಯಿ ಬದುಕಿದ್ದಾರೆಯೇ ಎಂದು ಮೊದಲು ಕೇಳಿ ನನಗೆ ತಿಳಿಸಬೇಕು. ಇವತ್ತು ಪ್ರಾರ್ಥನೆಯ ಐದನೆಯ ಸಂಜೆ. ಸತ್ತವರ ಹೆಸರು ಹಿಡಿದು ಪ್ರಾರ್ಥನೆ ಹೇಳಿಸಬೇಕಾದವಳು ನಾನು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಹಾರೊ
ದಿನಾಂಕ: ಜೂನ್ ೧೩
ಸಹಿ: ಮೆರ್ಲಿ ಪಾಲ್ಮಾರೆಸ್