ಹೆಡ್‌ಲೈಟಿನ ರಿಲೇ ಎಲ್ಲದ?

...ಏಳಬ್ಯಾಡ. ಅಲ್ಲೇ ಕುಂದ್ರು. ಎದ್ದಿ ಅಂದ್ರ ಈ ನಟ್ಟು ಬಿಚ್ಚೋ ಪಾನಾ ಹಣಿಗಿ ಬಿದ್ದಂಗ ನೆತ್ತಿಗೂ ಬೀಳ್ತದ, ಮುನೀರಚಾಚಾ. ರಕ್ತ ಒರಸ್ಕೊ. ಒರಸ್ಕೊ ಅಂದೆ... ಗ್ರೀಸ್ ಒರಸೋ ಚಿಂದಿ ಅದ ಅಲ್ಲಾ, ಅದರಲಿಂದೇ ಒರಸ್ಕೊ.

ಯಾಕ ಹಂಗ ನೋಡ್ತಿ? ಮಚ್ಛೇಂದ್ರನಿಗಿ ಹುಚ್ಚ ಹಿಡದದ ಅಂತೀಯೇನು? ಹಿಡದದ. ತಮ್ಮನ್ನ ಮಣ್ಣು ಮಾಡಿದಾಗಿಂದ ಕಣ್ಣು ಮುಚ್ಚಿಲ್ಲ ನಾ. ಠಾಣೇದವ್ರು ಗಾಡಿ ಬಿಟ್ರು, ಹಗ್ಗ ಹಾಕಿ ಎಳಸ್ಕೊಂಡು ಸೀದಾ ನಿನ್ನ ರಿಪೇರಿ ದುಕಾನಕ ತಂದೀನಿ. ನೋಡು ಆ ಕ್ರೂಸರ್. ಬಲಗಡಿ ಪೂರಾ ಚಪಟಾ. ಅಲ್ಲೇ ಕುಂತಿದ್ದ ನಮ್ಮ ವಿಶ್ವಾಸ.

ವಿಶಾಖಾ, ನೀ ಹೊರಗ ನಿಂದ್ರವ್ವಾ. ಯಾಕ ಬೆನ್ನಹಿಂದ ಬಂದಿ? ಬಂದೀದಿ ಅಂದ್ರ ಕೇಳು. ನಿನ್ನ ಗಂಡನ್ನ ಕೊಂದಾಂವ ಇಂವ.

ವಿಶ್ವಾಸ ಔರಾದಲಿಂದ ಮಂದಿ ತುಂಬ್ಕೊಂಡು ಬೀದರಿಗಿ ಬರ್ಲತ್ತಿದ್ದ. ಹೊತ್ತು ಮುಳುಗಿತ್ತು. ತಿರುವಿನಾಗ ಎರಡೂ ಹೆಡ್‌ಲೈಟು ಒಮ್ಮೆಲೆ ಹೋದ್ವು. ಮುಂದ ಕಬ್ಬಿನ ಟ್ರಾಲಿ ನಿಂತಿತ್ತು... ಹಿಂದ ಕುಂತ ಮುದುಕಿ ಹೇಳಿದಳು, ಬಾವ್ಯಾಗ ಬಿದ್ದಂಗ ಕತ್ತಲಾಯ್ತು ಅಂತ. ಅಂವ ಅವ್ವಾ ಅನ್ಲಾಕೂ ಆಗಲಿಲ್ಲಂತ.

ಈ ಕಪಾಟಿನ ಗಾಜು ಯಾಕ ಉಳದದ? ಹ್ಞಾ... ಈಗ ಉಳಿಲಿಲ್ಲ. ಚೂರು ಆರಸಬ್ಯಾಡ, ಕೈ ಕೊಯ್ಕೊಂತಿ.

ನೀನೇ ಅಲ್ಲಾ ಹೇಳಿದಾಂವ? ದೊಡ್ಡ ಬಲ್ಬು ಹಾಕ್ತಿ ಅಂದ್ರ ರಿಲೇ ಬೇಕೇ ಬೇಕು ಮಚ್ಛೇಂದ್ರ, ಬ್ಯಾಟ್ರಿ ಕರೆಂಟು ರಿಲೇದಾಗಿಂದ ಬಲ್ಬಿಗಿ ಹೋಗ್ಬೇಕು, ಎಲ್ಲಾ ಹೊರಿ ಸ್ವಿಚ್ಚಿನ ಮ್ಯಾಲ ಬಿದ್ರ ಸ್ವಿಚ್ಚು ಕರಗ್ತದ ಅಂತ? ಕರಗ್ಯಾದ. ಬೆಲ್ಲದಂಗ ಕರಗ್ಯಾದ. ಯಾಕಂದ್ರ ಲೈಟಿಗಿ ರಿಲೇನೇ ಇಲ್ಲ. ತಂತಿ ಸೀದಾ ಸ್ವಿಚ್ಚಿಗಿ ಹೋಗ್ಯಾವ. ನೀ ಹಾಕೇ ಇಲ್ಲ. ಹಾಕೀನಿ ಅಂತ ಸುಳ್ಳು ಹೇಳಿ ಕಳಿಸಿದಿ, ಹರಾಮಖೋರ.

ಪಾಪ, ವಿಶ್ವಾಸ ಅಂದಿದ್ದ, ಅಣ್ಣಾ ಸ್ವಿಚ್ಚು ಕೈಗಿ ಸುಡ್ತದ ಅಂತ...

ಏನು ವಿಶಾಖಾ? ಯಾವಾಗ ಅಂದಿದ್ದ ಅಂದ್ರ... ಅಂದಿದ್ದ, ಯಾವಾಗೋ. ನಾ ಏನಂದೆನೋ ನೆಪ್ಪಿಲ್ಲ. ಭಾಲ್ಕಿ ಸ್ಟ್ಯಾಂಡಿನಾಗ ಸಂತಿ ಮಂದಿ ಗದ್ದಲ. ನಡಿ, ಏನಾಗಲ್ಲ ಅಂದಿರಬೇಕು. ಯಾರಾದ್ರೂ ಹಂಗೇ ಅಂತಾರ.

ಏಯ್, ಎಲ್ಲಿಗಿ ಎದ್ದಿ? ಬಾನೆಟ್ಟಿಗಿ ಕೈ ಹಚ್ಚಬ್ಯಾಡ. ಕೈ ಮುರಿತೇನಿ... ಅಲ್ಲೇನು ಹುಡುಕ್ಲತ್ತಿ? ಅದು ಹಾರ್ನಿನ ತಂತಿ. ಹೊಸಾ ಹಾರ್ನು. ಭಾಲ್ಕ್ಯಾಗ ಎಲ್ಲರ ಗಾಡಿಗೂ ಅದ. ಹಾರ್ನು ಜೋರ ಇದ್ದಾಂವನ ಗಾಡಿಗೇ ಮಂದಿ ಓಡಿ ಬರ್ತಾರ, ನಿನಗೇನು ಗೊತ್ತು ಈ ಧಂದಾ? ಅಷ್ಟು ದೊಡ್ಡ ಹಾರ್ನಿಗೂ ರಿಲೇ ಬೇಕಾಗ್ತದ. ಹಾಕಿಸೀನಿ. ಎಲ್ಲ್ಯೋ ಹಾಕಿಸೀನಿ.

ಆ ಹಾರ್ನಿನ ರಿಲೇ ತಿರುವಬ್ಯಾಡ. ಚಾಚಾ, ಬ್ಯಾಡ ಅಂದೆ... ನೀ ಕೂಡಸಿದ ರಿಲೇಗೆಲ್ಲಾ ಹಿಂದ ಕೆಂಪು ಉಗುರುಬಣ್ಣದ ಒಂದು ಬೊಟ್ಟು ಇಡ್ತಿ, ಊರಿಗೇ ಗೊತ್ತದ. ಆದ್ರ ಕೆಂಪು ಬೊಟ್ಟು ಯಾರರೇ ಇಡಬಹುದು. ಅದೇನು ಸಾಕ್ಷಿ ಅಲ್ಲ.

ವಿಶಾಖಾ, ಬಗ್ಗಿ ನೋಡಬ್ಯಾಡ. ಹಿಂದ ಸರಿ.

...ಚಾಚಾ. ಯಾಕ ಅದರ ಮ್ಯಾಲ ಅಂಗೈ ಇಟ್ಟಿ? ಅಕಿ ನೋಡ್ಲಾಕ ಬಂದ ಕೂಡ್ಲೇ ಯಾಕ ಮುಚ್ಚಿದಿ? ತೆಗಿ ಕೈ. ಹೇಳು ಅಕಿಗಿ. ನಾ ಲೈಟಿಗಿ ಹಾಕಿದ್ದೆ, ನಿನ್ನ ಭಾವ ಕಿತ್ತು ಹಾರ್ನಿಗಿ ಹಚ್ಕೊಂಡಾನ ಅಂತ ಹೇಳು. ಹೇಳಿದ್ರ ನಿನ್ನ ಹಲ್ಲು ಉದರಸ್ತಿದ್ದೆ. ಸುಳ್ಳು ಸುಳ್ಳು ಅಂತ ಹೊಡ್ದು ಹೊಡ್ದು ನನಗೇ ಅದು ಸುಳ್ಳು ಅನಸ್ತಿತ್ತು. ಸುಮ್ಮ ನಿಂತ್ರ ನಾ ಯಾರಿಗಿ ಹೊಡಿಲಿ?

ನೆತ್ತರು ಕಣ್ಣಾಗ ಇಳಿಲತ್ತದ, ಒರಸ್ಕೋರಿ... ಆ ಕೈ ತೆಗಿಬ್ಯಾಡ್ರಿ, ಇನ್ನೊಂದು ಕೈಲಿಂದ ಒರಸ್ಕೋರಿ.

ಅಕಿ ರಿಲೇ ಕಡಿ ನೋಡ್ಲತ್ತಿಲ್ಲ, ಚಾಚಾ. ನನ್ನ ಮಾರಿ ನೋಡ್ಲತ್ತಾಳ. ಪಾನಾ ನೀವು ತಗೋರಿ, ಬೇಕಂದ್ರ ಹೊಡೀರಿ. ಆದ್ರ ನೀವೇ ಹೇಳ್ರಿ ಅಕಿಗಿ. ನನ್ನ ಬಾಯಿಲಿಂದ ಹೇಳಸಬ್ಯಾಡ್ರಿ.