ಸೊನೆಯ ಕಲೆ

ಸುಳ್ಯದ ಆಸ್ಪತ್ರೆಯೊಂದರಲ್ಲಿ ಚೀಟಿ ಹಿಡಿದು ಕುಳಿತಿದ್ದ ನಶೀದಾಳಿಗೆ ಪಕ್ಕದ ತಾಯಿ ಮಗಳ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ತಾಯಿಯ ಬಲಪಾದಕ್ಕೆ ಬ್ಯಾಂಡೇಜು ಸುತ್ತಿತ್ತು.

“ಗೇರುಬೀಜದ ಸೊನೆ ತಾಗಿದ ಕಲೆ ಅಂತ ಎರಡು ವರ್ಷ ಸುಮ್ಮನೆ ಕೂತೆಯಲ್ಲ ಅವ್ವ!”

“ಸೊನೆ ಕಲೆಗೆ ಯಾರು ಮಾರಾಯ್ತಿ ಡಾಕ್ಟ್ರ ಹತ್ತಿರ ಹೋಗುದು? ಹಿಮ್ಮಡಿಯ ಕ್ಯಾನ್ಸರ್ ತೊಡೆಸಂದಿಗೆ ಹೇಗೆ ಹತ್ತಿತು?”

“ಜೀವಕೋಶಕ್ಕೆ ‘ಬೆಳೆದದ್ದು ಸಾಕು, ನಿಲ್ಲು’ ಅನ್ನುವ ಒಂದು ಜೀನ್ ಉಂಟಂತೆ. ಆ ಕಲೆಯಲ್ಲಿ ಅದೇ ಕಳೆದುಹೋಗಿದೆ. ತಡೆಯುವವರಿಲ್ಲದೆ ಹರಡಿತು.”

“ನಿಲ್ಲು ಅಂದರೆ ನಿನ್ನ ಅಪ್ಪನೂ ನಿಲ್ಲುದಿಲ್ಲ.”

ಮಗಳು ನಗಲಿಲ್ಲ. ತಾಯಿಯೇ ಮತ್ತೆ ಕೇಳಿದಳು.

“ಜೀನ್ ಅಂದರೆ ತಾಯಿಯಿಂದ ಮಕ್ಕಳಿಗೆ ಬರುದಲ್ವಾ? ನಿನಗೆ ಎಂತ ಕೊಟ್ಟೆನೋ.”

“ಎಷ್ಟು ಸಲ ಹೇಳುದು? ನಿನ್ನ ರಕ್ತದಲ್ಲಿ ಅದು ಸರಿಯಾಗಿಯೇ ಉಂಟು. ಕಳೆದದ್ದು ಕಲೆಯಲ್ಲಿ ಮಾತ್ರ.”

“ಸರಿ. ಚಪ್ಪಲಿ ತೆಗಿ.”

“ಇಲ್ಲಿಯಾ? ಜನ ನೋಡ್ತಾರೆ.”

“ನೋಡಲಿ.”

ಮಗಳು ಸೋತು ಕಾಲೆತ್ತಿದಳು. ಹಿಮ್ಮಡಿಯಲ್ಲೊಂದು ಕಪ್ಪು ಚುಕ್ಕೆಯಿತ್ತು. ನಶೀದಾಳೂ ಬಗ್ಗಿ ನೋಡಿದಳು. ತಾಯಿ ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದಳು, ಇನ್ನೊಮ್ಮೆ ಉಜ್ಜಿದಳು. ಚುಕ್ಕೆ ಹೋಯಿತು.

“ಪ್ರೇಮಾವತಿ!” ನರ್ಸ್ ಕೂಗಿದಳು.

“ಮಣ್ಣು,” ಎಂದಳು ತಾಯಿ, ಮಗಳ ಹೆಗಲು ಹಿಡಿದು ಏಳುತ್ತ. “ಇನ್ನು ಹೋಗುವ.”