ಹಟ್ಟಿಯಲ್ಲಿ ಹೂತ ನೆತ್ತರು

ನಿಲಂಗಾದ ನಿಲ್ದಾಣದಲ್ಲಿ ಹೈದರಾಬಾದಿನ ಬಸ್ಸಿಗೆ ಕಾದಿದ್ದೆ. ಪಕ್ಕದ ಬೆಂಚಿನಲ್ಲಿ ಅಂಜನಾಬಾಯಿ ಎಂಬ ವೃದ್ಧೆಯೂ ಆಕೆಯ ಮಗ ಶ್ರೀಮಂತನೂ ಕುಳಿತಿದ್ದರು. ಆತ ತೊಡೆಯ ಮೇಲಿದ್ದ ಡಬ್ಬಿಯನ್ನು ತೆರೆದು ನೋಡಿದನು; ಒಳಗೇನೂ ಇರಲಿಲ್ಲ.

"ಯವ್ವಾ, ಹೊಕ್ಕಳಬಳ್ಳಿ ರಕ್ತದ ಚೀಲ ಎಲ್ಲೈತಿ?"

"ಮಾಸಿನ ಸಂಗಟ ನಿನ್ನೆ ಹಟ್ಟ್ಯಾಗ ಹೂತೀನಪಾ. ಕೂಸಿನ ನೆತ್ತರ ಊರ ಸೀಮಿ ದಾಟಿದ್ರ ಬೀರಪ್ಪ ದೇವ್ರು ಮುನಿತಾನ."

"ಹೈದರಾಬಾದ ದವಾಖಾನ್ಯಾಗ ನನ್ನ ಮಗಳು ಕಾಜಲ ಅದರದೇ ದಾರಿ ಕಾಯ್ತಾಳ! ತಮ್ಮನ ಬಳ್ಳಿಯೊಳಗಿನ ಕಣ ಆಕಿ ಮೈಯಾಗ ಹಾಕಿದ್ರ ಹೊಸಾ ರಕ್ತ ಹುಟ್ಟತೈತಿ ಅಂದಾರ."

"ಬೊಗಸಿ ತುಂಬಲಾರದಷ್ಟು ಇತ್ತಲ್ಲೋ, ಅಷ್ಟರಾಗ ಏನಾಗ್ತಿತ್ತು?"

"ಹಾಲಿಗಿ ಹೆಪ್ಪ ಹಾಕ್ದಂಗ ಅದಕ್ಕ ಪ್ರೋಟೀನ್ ಹಾಕಿ, ಕಣ ಬೆಳಸ್ತಿದ್ರು."

"ಈಗ ಕೂಸಿನ ಮೈಯಾಗಿಂದ ತಗೋಳ್ಳಿ."

"ಕೂಸು ದೊಡ್ಡದಾಗೂತನ ಕಾಜಲ ಉಳಿಯಾಂಗಿಲ್ಲ."

ವೃದ್ಧೆ ಡಬ್ಬಿಯ ಮುಚ್ಚಳ ಹಾಕಿದಳು.

"ನಡಿ, ಅಗದು ತೆಗಿಯೂಣು."

"ಅದರಾಗ ಜೀವ ಉಳಿದಿರಾಂಗಿಲ್ಲ. ಮ್ಯಾಲ ಬೀರಪ್ಪನ ಮಣ್ಣು ಕೆದರೂದು ಪಾಪ ಅಂತಿ ನೀನೇ."

"ಪಾಪ ನನಗಿರ್ಲಿ."

ಹೈದರಾಬಾದಿನ ಬಸ್ಸು ಬಂದು ನಿಂತಿತು. ಜೀವ ಉಳಿದಿರದು ಎಂದಿದ್ದ ಮಗನೇ ಮೊದಲು ಎದ್ದನು. ಬರಿದಾದ ಡಬ್ಬಿಯನ್ನು ಎದೆಗವಚಿಕೊಂಡು, ತಾಯಿಯ ಕೈಹಿಡಿದು, ಊರಿಗೆ ಮರಳುವ ಬಸ್ಸಿನತ್ತ ಓಡಿದನು.